ಮೊದಲನೆಯ ‘ಸಾಕು’

ನಮ್ಮಪ್ಪನ ಬಗ್ಗೆ ಒಳ್ಳೆಯ ಮಾತು ಕೇಳಬೇಕು ಅನ್ನುವವರು ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಯಾವುದಾದರೂ ಚಹಾದಂಗಡಿಯ ಮುಂದೆ ನಿಂತುಕೊಳ್ಳಲಿ, ಕೇಳುವ ಮೊದಲೇ ಯಾರಾದರೂ ಹೇಳುತ್ತಾರೆ. ವಕೀಲರು ಅಂದರೆ ಅವರು, ಬಡವರಿಗೆ ಮನೆಯಲ್ಲೇ ಊಟ ಹಾಕಿ ಅವರ ಕೇಸು ನಡೆಸಿದವರು, ಗೌಡನಿಗೂ ಆಳಿಗೂ ಒಂದೇ ಚಾಪೆ ಹಾಸಿದವರು. ಅಷ್ಟೂ ಖರೆ. ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನನ್ನು ಮಾತ್ರ ಕೇಳಬೇಡಿ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಕೇಳಿದವರಿಗೆ ಮುಖಕ್ಕೆ ಹೊಡೆದ ಹಾಗೆ ಏನೋ ಅಂದುಬಿಡುತ್ತೇನೆ. ಮೊನ್ನೆ ಮಸ್ಕಿಯಲ್ಲಿ ಅಪ್ಪನಿಗೆ ಸನ್ಮಾನ ಇಟ್ಟುಕೊಂಡಿದ್ದ ಹುಡುಗರು ಬಂದು, ‘ಮಗಳಾಗಿ ನೀವೂ ಎರಡು ಮಾತಾಡ್ರಿ ಮೇಡಂ, ಅವರ ಹಾದಿಯೊಳಗ ನಡದು ನೀವೂ ವಕೀಲರಾಗೀರಿ’ ಅಂದರು. ಎರಡು ಮಾತಿನಲ್ಲಿ ಮುಗಿಯುವುದಿಲ್ಲ ತಮ್ಮಾ ಅಂತ ಕೈಮುಗಿದು ಕಳಿಸಿದೆ. ಅಲ್ಲಿ ಆಡದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಿಂಧನೂರಿನ ನಮ್ಮ ಮನೆ ದೊಡ್ಡದೇನಲ್ಲ, ಆದರೆ ಹಗಲು ಹೊತ್ತಿನಲ್ಲಿ ಅದರ ಬಾಗಿಲು ಮುಚ್ಚಿದ್ದನ್ನು ನಾನು ನೋಡಿಲ್ಲ. ಹೊಸ್ತಿಲು ದಾಟಿದರೆ ಪಡಸಾಲೆ, ಅದರ ಎಡಕ್ಕೆ ಆಫೀಸು ಅನ್ನಿಸಿಕೊಂಡ ಅಪ್ಪನ ಕೋಣೆ, ಅದರ ತುಂಬ ಕಾಯ್ದೆ ಪುಸ್ತಕಗಳು ಮತ್ತು ಕೆಂಪು ದಾರ ಕಟ್ಟಿದ ಫೈಲುಗಳು. ಪಡಸಾಲೆಯಾಚೆ ಅಡುಗೆಮನೆ, ಅದರ ಹಿಂದೆ ಬಚ್ಚಲು, ಹಿತ್ತಲಲ್ಲಿ ಒಂದು ಬೇವಿನ ಗಿಡ. ಬೆಳಗಾಗುವುದರೊಳಗೆ ಪಡಸಾಲೆಯಲ್ಲಿ ಮಂದಿ ಕೂತಿರುತ್ತಿದ್ದರು. ಗುರುಗುಂಟಾ ಕಡೆಯ ಒಣಭೂಮಿಯವರು ಮೊದಲ ಬಸ್ಸಿಗೆ ಬಂದು ತಲೆಗೆ ಸುತ್ತಿದ ಟವೆಲು ಬಿಚ್ಚಿ ಮುಖ ಒರೆಸಿಕೊಳ್ಳುತ್ತಿದ್ದರು. ಕಾಲುವೆ ಕಡೆ ಗದ್ದೆ ಮಾಡಲು ಬಂದು ಕ್ಯಾಂಪುಗಳಲ್ಲಿ ನೆಲೆಸಿದ್ದ ತೆಲುಗಿನವರು ಹೊರಗೆ ಮೋಟರ್‌ಸೈಕಲ್ ನಿಲ್ಲಿಸಿ ಒಳಗೆ ಬರಲೋ ಬೇಡವೋ ಅಂತ ನಿಲ್ಲುತ್ತಿದ್ದರು. ಅಪ್ಪ ಹೊರಗೆ ಬಂದು, ‘ಏ ಬರ್ರಿ ಒಳಗ, ಇದೇನು ಕಲೆಕ್ಟರ್ ಕಚೇರಿ ಅಲ್ಲ’ ಅಂತ ಗದರಿಸಿ ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂಡಿಸುತ್ತಿದ್ದ. ನಾನೂ ನನ್ನ ತಮ್ಮನೂ ಅವರ ಕಾಲು ದಾಟಿಕೊಂಡೇ ಶಾಲೆಗೆ ಹೋಗಬೇಕು. ಅಷ್ಟು ಹೊತ್ತಿಗಾಗಲೇ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಗಿರುತ್ತಿತ್ತು. ಅದು ಅವ್ವನ ಕೈಯ ಸಪ್ಪಳ ಅಲ್ಲ, ನೀಲಮ್ಮತ್ತಿಯ ಕೈಯದು.

ನೀಲಮ್ಮತ್ತಿ ಅಪ್ಪನ ತಂಗಿ. ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ದುಡಿಯುವವನಿಗೆ ಅವಳನ್ನು ಕೊಟ್ಟಿದ್ದರು. ಅವನು ಜ್ವರ ಬಂದು ಸಣ್ಣ ವಯಸ್ಸಿನಲ್ಲೇ ತೀರಿಕೊಂಡ. ಮಕ್ಕಳಿರಲಿಲ್ಲ. ಗಂಡ ಹೋದ ಮೇಲೆ ಕಂಪನಿಯ ಮನೆ ಬಿಡಲೇಬೇಕು, ಮಸ್ಕಿಯಲ್ಲಿದ್ದ ಗಂಡನ ಅಣ್ಣತಮ್ಮಂದಿರು ಬಾಗಿಲು ತೆಗೆಯಲಿಲ್ಲ, ಹಾಗಾಗಿ ಮದುವೆಯಲ್ಲಿ ಕೊಟ್ಟಿದ್ದ ಹಸಿರು ಬಣ್ಣದ ಕಬ್ಬಿಣದ ಟ್ರಂಕು ಹೊತ್ತುಕೊಂಡು ನಮ್ಮ ಮನೆಗೆ ಬಂದಳು. ‘ಗಂಡ ಮಣ್ಣಿಗೆ, ಮನಿ ಕಂಪನಿಗೆ, ನಾ ಅಣ್ಣನ ಮನಿಗೆ’ ಅಂತ ತನ್ನ ಕತೆಯನ್ನು ಅವಳೇ ಮೂರು ಮಾತಿನಲ್ಲಿ ಮುಗಿಸುತ್ತಿದ್ದಳು, ಅದೂ ನಕ್ಕೊಂಡು. ಅವಳ ಟ್ರಂಕು ಇಡಲು ಒಳಗೆ ಜಾಗವಿರಲಿಲ್ಲ. ಪಡಸಾಲೆಯ ಗೋಡೆಗೆ ಹಚ್ಚಿ ಇಟ್ಟರು. ಮೇಲೆ ಒಂದು ಕೌದಿ ಮಡಚಿ ಹಾಸಿದರು. ಅದು ಕೂಡುವ ಜಾಗವಾಯಿತು.

ಅಪ್ಪನಿಗೆ ಬಡಿಸುವ ಹುಚ್ಚು. ಮನೆಯಲ್ಲಿ ಇಬ್ಬರು ಹೆಂಗಸರಿದ್ದರೂ ಬಂದವರು ಊಟಕ್ಕೆ ಕೂತರೆ ಸೌಟು ಅವನ ಕೈಗೆ ಹೋಗಲೇಬೇಕು. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಆಮೇಲೆ ದಢೇಸುಗೂರಿನ ನಮ್ಮ ಗದ್ದೆಯ ಅಕ್ಕಿಯ ಅನ್ನ, ಸಾರು. ನಮ್ಮ ಕಡೆ ಊಟಕ್ಕೆ ಕೂತವರು ಒಮ್ಮೆಗೇ ಬೇಕು ಅನ್ನುವುದಿಲ್ಲ, ಅಂದರೆ ಹಸಿದು ಬಂದವರು ಅಂತ ಆಗುತ್ತದೆ. ಸಾಕು ಅನ್ನುತ್ತಾರೆ. ಹಾಕುವವರು ಅದನ್ನು ಕಿವಿಗೆ ಹಾಕಿಕೊಳ್ಳಬಾರದು. ಒಬ್ಬ ತೆಲುಗಿನವನು, ಪಾಪ, ‘ಚಾಲು ಚಾಲು’, ಅಂದರೆ ಸಾಕು ಸಾಕು, ಅಂತ ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದಿದ್ದ. ಅಪ್ಪ ಅವನ ಬೆರಳಿನ ಮೇಲೇ ತುಪ್ಪ ಸುರಿದ. ಅವನು ಬೆರಳು ನೆಕ್ಕಿಕೊಂಡು ನಕ್ಕ, ಪಡಸಾಲೆಯೆಲ್ಲ ನಕ್ಕಿತು. ಆಮೇಲೆ ಅಪ್ಪ ನನಗೂ ತಮ್ಮನಿಗೂ ಪಾಠ ಹೇಳಿದ:

‘ಮೊದಲನೇ ಸಾಕು ಹೊಟ್ಟಿದಲ್ಲ, ನಾಚಿಕಿದು. ಎರಡನೇದು ಮರ್ಯಾದಿದು. ಮೂರನೇದು ಬಂದ್ರ ಅದನ್ನ ನಂಬಬೇಕು. ಮೊದಲನೇದಕ್ಕ ಕೈ ಹಿಂದ ತಗೊಳ್ಳಾವ ಜಿಪುಣ, ತಿಳೀತೇನು?’

ತಿಳಿಯಿತು. ಅವನು ಹೇಳಿದ್ದೆಲ್ಲ ನನಗೆ ತಿಳಿಯುತ್ತಿತ್ತು, ಅದೇ ನನ್ನ ದುರದೃಷ್ಟ.

ಆ ಟ್ರಂಕಿನ ಮೇಲೆ ನಡೆಯುತ್ತಿದ್ದ ನಮ್ಮ ಮನೆಯ ಕಚೇರಿಯ ಬಗ್ಗೆ ಈಗ ಹೇಳಬೇಕು. ನಾನೂ ತಮ್ಮನೂ ಯಾವುದೋ ಶೇಂಗಾ ಉಂಡಿಗೆ ಜಗಳ ಮಾಡಿ ಕೂದಲು ಹಿಡಿದುಕೊಂಡ ದಿನ ಅಪ್ಪ ಅದನ್ನು ಶುರುಮಾಡಿದ. ಸಂಜೆ ಮಂದಿಯೆಲ್ಲ ಹೋದ ಮೇಲೆ, ದೀಪ ಹಚ್ಚಿದ ಮೇಲೆ, ಮನೆಯಲ್ಲಿ ಯಾರಿಗೆ ಯಾರ ಮೇಲೆ ಫಿರ್ಯಾದಿ ಇದ್ದರೂ ಅಲ್ಲಿ ಹೇಳಬೇಕು. ಜಗಳದಲ್ಲಿ ಪಾಲಿಲ್ಲದವರು ಒಬ್ಬರು ಟ್ರಂಕಿನ ಮೇಲೆ ಕೂತು ಜಡ್ಜ್ ಆಗಬೇಕು, ದೊಡ್ಡವರಿರಲಿ ಸಣ್ಣವರಿರಲಿ. ಜಡ್ಜ್ ಅಲ್ಲದವರು ಇನ್ನು ಟ್ರಂಕಿನ ಮೇಲೆ ಕೂಡುವಂತಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಯಾರ ಮೇಲೆ ಫಿರ್ಯಾದಿಯೋ ಅವರದೇ ಕೊನೆಯ ಮಾತು, ಅದನ್ನು ಕೇಳದೆ ತೀರ್ಪು ಹೇಳುವಂತಿಲ್ಲ. ತೀರ್ಪು ಬಂದ ಮೇಲೆ ಅದು ಎಲ್ಲರಿಗೂ. ಅಪ್ಪ ಹೇಳುತ್ತಿದ್ದ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ:

‘ಸ್ವಾತಂತ್ರ್ಯ ಅಂದ್ರ ನಾ ಮಾತಾಡೂದಲ್ಲ ಲೀಲಾ, ಅದನ್ನ ಕತ್ತೆನೂ ಮಾಡ್ತೈತಿ. ಎದುರಿನವರ ಮಾತು ಮುಗಿಯೂತನಕ ಬಾಯಿ ಮುಚ್ಚಿಕೊಂಡು ಕೂಡೂದು ಐತಲ್ಲ, ಅದು ಸ್ವಾತಂತ್ರ್ಯ.’

ಅವ್ವನಿಗೆ ಇದೆಲ್ಲ ಹುಚ್ಚಾಟ. ‘ನಿಮ್ಮ ಕಚೇರಿಗೆ ಬೆಂಕಿ ಹಚ್ಚಲಿ, ಹಾಲು ಹೆಪ್ಪು ಹಾಕಾಕ ಬಿಡವಲ್ರಿ’ ಅಂತ ಬೈಯುತ್ತಲೇ ಇರುತ್ತಿದ್ದಳು. ಆದರೆ ಒಂದು ದಿನ ಅವಳೇ ಫಿರ್ಯಾದಿ ತಂದಳು. ಹೇಳದೆ ಕೇಳದೆ ಮಂದಿಯನ್ನು ಊಟಕ್ಕೆ ಕರೆತರುತ್ತಾನೆ, ಬಡಿಸಿ ಹೆಸರು ತಗೊಳ್ಳುವವನು ಇವನು, ಹಿತ್ತಲಲ್ಲಿ ಕೂತು ತಾಟು ತಿಕ್ಕುವವಳು ನಾನು ಅಂತ. ಅವತ್ತು ಜಡ್ಜ್ ಅತ್ತಿ. ಅವಳು ಕಾಲ ಮೇಲೆ ಕಾಲು ಹಾಕಿ ಕೂತು ಎರಡೂ ಕಡೆ ಕೇಳಿದಳು. ಅಪ್ಪ ಭಾಷಣವನ್ನೇ ಮಾಡಿದ, ಅತಿಥಿ, ದಾಸೋಹ, ಧರ್ಮ ಅಂತ. ಅತ್ತಿ ಕೊನೆಯ ತನಕ ಕೇಳಿ, ‘ಮಾತು ಭಾಳ ಛಲೋ ಅದಾವಣ್ಣ, ತಾಟು ಮಾತ್ರ ಮಾತಿಗೆ ಬೆಳಗಾಂಗಿಲ್ಲ. ಒಂದು ವಾರ ನೀನ ತಿಕ್ಕು’ ಅಂದಳು. ಅಪ್ಪ ತಿಕ್ಕಿದ. ಮರುದಿನ ಬಂದ ಕಕ್ಷಿದಾರರ ಮುಂದೆಯೇ ಧೋತರ ಎತ್ತಿ ಕಟ್ಟಿ ಬೂದಿ ಹಚ್ಚಿ ತಿಕ್ಕಿದ. ‘ವಕೀಲರ, ನೀವ್ಯಾಕ್ರಿ’ ಅಂತ ಅವರು ಗಾಬರಿಯಾದರೆ, ‘ಸಜಾ ಆಗೈತಪ್ಪ, ಅಪೀಲು ಇಲ್ಲ’ ಅಂದ. ಆ ಅಪ್ಪನನ್ನು ನೋಡಿ ನನಗೆ ಎಷ್ಟು ಹೆಮ್ಮೆಯಾಗಿತ್ತು ಅಂದರೆ ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಲೋಕದಲ್ಲಿ ಎಲ್ಲ ಮನೆಗಳೂ ಹೀಗೇ ಇರುತ್ತವೆ ಅಂತಲೇ ನಾನು ತಿಳಿದಿದ್ದೆ.

ನಾನು ಶಾಲೆಯಲ್ಲಿ ಮೂರನೆಯ ಇಯತ್ತೆಯಲ್ಲಿದ್ದಾಗ ಗುರುಗುಂಟಾದ ಹೆಣ್ಣುಮಗಳೊಬ್ಬಳು ಬರತೊಡಗಿದಳು. ತೀರಿಹೋದ ತಂದೆಯ ಹೊಲದಲ್ಲಿ ಅಣ್ಣಂದಿರು ಅವಳಿಗೆ ಏನೂ ಬಿಟ್ಟಿರಲಿಲ್ಲ. ಅವಳು ಮಾತಾಡುವುದಕ್ಕಿಂತ ಅಳುವುದೇ ಹೆಚ್ಚು. ತವರುಮನೆಯ ಮೇಲೆ ಕೇಸು ಹಾಕಿದರೆ ಮಂದಿ ಏನಂದಾರು, ನಾಗರಪಂಚಮಿಗೆ ಕರೆಯುವವರು ಯಾರು ಅಂತ ಅವಳ ಚಿಂತೆ. ಅಪ್ಪ ಆಫೀಸು ಕೋಣೆಯಲ್ಲಿ ಅವಳಿಗೆ ತಿಳಿಸಿ ಹೇಳುತ್ತಿದ್ದದ್ದು ಅಡುಗೆಮನೆಯ ತನಕ ಕೇಳುತ್ತಿತ್ತು, ಅವನ ದನಿಯೇ ಹಾಗೆ.

‘ಕೇಳವ್ವ ಇಲ್ಲಿ. ತಂದಿ ಆಸ್ತಿಯೊಳಗ ಮಗಳಿಗೂ ಪಾಲು ಐತಿ ಅಂತ ಕಾಯ್ದೇನ ಹೇಳ್ತೈತಿ. ಅದು ಅಣ್ಣ ಹಾಕೋ ಭಿಕ್ಷಾ ಅಲ್ಲ. ನಿಂದು ನೀ ಕೇಳಿದ್ರ ತಪ್ಪಲ್ಲ. ಕೇಳದ ಸುಮ್ಮ ಕುಂತ್ರ ಅದು ತಪ್ಪು.’

ಅತ್ತಿಯ ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಹೋಗದೆ ಕೈಯಲ್ಲೇ ನಿಂತಿತು. ಅವಳು ಹಾಗೆ ನಿಂತದ್ದನ್ನು ನಾನು ಮೊದಲ ಸಲ ನೋಡಿದ್ದು. ಗುರುಗುಂಟಾದವಳು ಲಿಂಗಸುಗೂರಿನ ಕೋರ್ಟಿನಲ್ಲಿ ಕೇಸು ಗೆದ್ದಳು. ಅಪ್ಪ ಪೇಢೆ ತಂದು ಓಣಿಗೆಲ್ಲ ಹಂಚಿದ. ಆಮೇಲೆ ಕೆಲವು ದಿನ ಅತ್ತಿ ಏನೋ ಎಣಿಕೆ ಹಾಕುತ್ತಿದ್ದಳು. ಒಂದು ಸಂಜೆ ದೀಪ ಹಚ್ಚಿ, ಕೈ ತೊಳೆದು, ಸೆರಗು ಹೊದ್ದು ಪಡಸಾಲೆಗೆ ಬಂದು ನಿಂತಳು. ಅಣ್ಣನ ಮೇಲೆ ಫಿರ್ಯಾದಿ ಇದೆ ಅಂದಳು. ಅವ್ವ ಹೆಪ್ಪು ಹಾಕುವ ಗಡಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ‘ಜಡ್ಜ್ ಸಾಹೇಬ್ರು ಯಾರು ಇವತ್ತು?’ ಅಂತ ಅಪ್ಪ ಕೇಳಿ ನನ್ನನ್ನು ಎತ್ತಿ ಟ್ರಂಕಿನ ಮೇಲೆ ಕೂಡಿಸಿದ. ನನಗೆ ಕಾಲು ನೆಲಕ್ಕೆ ನಿಲುಕುತ್ತಿರಲಿಲ್ಲ.

ಅತ್ತಿ ಹೆಚ್ಚು ಮಾತಾಡಲಿಲ್ಲ. ಅವಳು ಹೇಳಿದ್ದು ಇಷ್ಟೇ:

‘ಅಪ್ಪನ ಹೊಲ ದಢೇಸುಗೂರಾಗ ಐತಿ. ನಾನೂ ಅವನ ಮಗಳು. ಭಾಳ ಬ್ಯಾಡ, ಕಾಲುವಿ ಬಾಜೂಕಿನ ಸಣ್ಣ ತುಂಡು ನನ್ನ ಹೆಸರಿಗೆ ಆಗ್ಲಿ. ನನಗ ಇಲ್ಲಿ ಸಾಯೂತನಕ ರೊಟ್ಟಿ ಬಡಿಯಾಕ ಬ್ಯಾಸರಿಲ್ಲ. ಖರೆ ಯಾರಾರ ನಿಂದೇನೈತಿ ಅಂದ್ರ ತೋರಸಾಕ ಒಂದು ಬದು ಬೇಕು. ಟ್ರಂಕು ತೋರಸಿ ತೋರಸಿ ಸಾಕಾಗೇತಿ.’

ಅಪ್ಪನ ಕಡೆಯ ಮಾತು ಕೇಳಬೇಕಲ್ಲ, ಕೇಳಿದೆ. ಅವನು ತಂಗಿಯ ಮುಖ ನೋಡಿದ. ‘ನಂದೇನೂ ತಕರಾರಿಲ್ಲ’ ಅಂದ. ನಾನು ಎದೆ ಎತ್ತಿ, ಅತ್ತಿಯ ಪಾಲು ಅತ್ತಿಗೆ ಕೊಡಬೇಕು ಅಂತ ತೀರ್ಪು ಕೊಟ್ಟೆ. ಅಪ್ಪ ತೊಡೆ ತಟ್ಟಿ ನಕ್ಕ. ‘ತೀರ್ಪು ತೀರ್ಪೇ! ಆತು ನೀಲಾ, ಸುಗ್ಗಿ ಮುಗೀಲಿ, ಮಾಡೋಣು’ ಅಂದ. ಅತ್ತಿ ನನ್ನನ್ನು ಟ್ರಂಕಿನಿಂದ ಇಳಿಸಿಕೊಂಡು ಎದೆಗೆ ಒತ್ತಿಕೊಂಡಳು, ಅವಳ ಸೀರೆಯಲ್ಲಿ ಒಲೆಯ ಹೊಗೆಯ ವಾಸನೆ ಇತ್ತು. ಅವ್ವ ಮಾತ್ರ, ‘ಬಾಯಿಗೆ ಬಂದದ್ದು ಕೈಗೆ ಬರೂತನಕ ಕುಣೀಬ್ಯಾಡ್ರೆವಾ’ ಅಂದು ಒಳಗೆ ಹೋದಳು.

ಮುಂದಿನ ರವಿವಾರ ಅತ್ತಿ ನನ್ನನ್ನು ಕರೆದುಕೊಂಡು ದಢೇಸುಗೂರಿಗೆ ಹೋದಳು. ಹೋಗುವಾಗ ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಮಿರ್ಚಿ ಭಜಿ ಕೊಡಿಸಿದಳು. ಭತ್ತ ಹಾಲುಗಾಳಿನಲ್ಲಿತ್ತು. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಕಾಲುವೆಯ ಬದುವಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದಳು. ‘ಇಲ್ಲಿ ನಾ ಸಣ್ಣಾಕಿದ್ದಾಗ ಜಾರಿಬಿದ್ದಿದ್ದೆ, ನಿಮ್ಮಪ್ಪನ ಎತ್ತಿದ’ ಅಂತ ಒಂದು ಕಡೆ ತೋರಿಸಿದಳು. ಬದುವಿನ ಮೇಲೆ ನುಗ್ಗೆಗಿಡ ಹಚ್ಚುತ್ತೇನೆ, ತೊಗರಿಯನ್ನೂ ನಾಲ್ಕು ಸಾಲು ಹಾಕುತ್ತೇನೆ ಅಂದಳು. ಅವಳಿಗೆ ಅಷ್ಟು ಮಾತು ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಬರುವಾಗ ಒಂದು ಹಿಡಿ ತೆನೆ ಕಿತ್ತುಕೊಂಡು ಬಂದು ಅಡುಗೆಮನೆಯ ಬಾಗಿಲಿಗೆ ಕಟ್ಟಿದಳು. ಅಪ್ಪ ಅದರ ಕೆಳಗೆ ತಲೆ ಬಗ್ಗಿಸಿಕೊಂಡು ಓಡಾಡಿದ.

ಆ ಹೊಲ ಮಾಡುತ್ತಿದ್ದವನು ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ. ದಢೇಸುಗೂರಿನಲ್ಲೇ ಇರುತ್ತಿದ್ದ. ನಾವು ಬದುವಿನ ಮೇಲೆ ಓಡಾಡಿದ್ದು ಅವನ ಕಿವಿಗೆ ಬಿತ್ತು. ಸುಗ್ಗಿ ಮುಗಿಯುವ ತನಕ ಕಾಯಲಿಲ್ಲ. ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಒಂದು ಮಧ್ಯಾಹ್ನ ಬಂದ. ಅಪ್ಪ ಆಗ ಚುನಾವಣೆಗೆ ನಿಲ್ಲುವ ಯೋಚನೆಯಲ್ಲಿದ್ದ, ಆ ಹಿರಿಯರ ಮಾತಿಗೆ ಊರಲ್ಲಿ ತೂಕವಿತ್ತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ನನಗೆ ಕಂಡದ್ದು ಊಟ. ಅತ್ತಿ ಹೋಳಿಗೆ ಮಾಡಿದ್ದಳು. ದೊಡ್ಡಪ್ಪ ಸಾಕು ಅಂದ, ಅಪ್ಪ ಹಾಕಿದ. ಹಿರಿಯರು ಸಾಕು ಸಾಕು ಅಂದರು, ಅಪ್ಪ ತುಪ್ಪದ ತಂಬಿಗೆ ಹಿಡಿದು ಅವರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ‘ಇದು ನಾಚಿಕಿ ಸಾಕು, ನಾ ಬಲ್ಲೆ’ ಅಂತ ಮತ್ತೆ ಮತ್ತೆ ಸುರಿದ. ಉಂಡಾದ ಮೇಲೆ ದೊಡ್ಡಪ್ಪ ಕೈ ಒರೆಸಿಕೊಳ್ಳುತ್ತ ಹೋಗಿ ಟ್ರಂಕಿನ ಮೇಲೆ ಕೂತ. ಕೂಡಬಾರದು ಅಂತ ಅಪ್ಪ ಹೇಳುತ್ತಾನೆ ಅಂತ ನಾನು ನೋಡಿದೆ. ಅಪ್ಪ ಎಲೆ ಅಡಿಕೆಯ ತಟ್ಟೆ ತಂದು ಅವನ ಮುಂದೆ ಇಟ್ಟ.

‘ಏನೋ ವಕೀಲ,’ ದೊಡ್ಡಪ್ಪ ಸುಣ್ಣ ಹಚ್ಚುತ್ತ ಕೇಳಿದ, ‘ನಿನ್ನ ಮನಿಯಾಗ ಹುಡುಗ್ರು ಹೊಲ ಹಂಚಾಕತ್ತಾರಂತ? ಮನಿ ದೀಪ ಅಂತ ಮುದ್ದು ಕೊಟ್ರ ಮೀಸಿ ಸುಡ್ತೈತಿ, ನೋಡಿಕ್ಯಾ.’

ಅಪ್ಪ ನನ್ನನ್ನು ಕರೆದ. ನಾನು ಖುಷಿಯಿಂದಲೇ ಹೋದೆ. ಕಚೇರಿ ಶುರುವಾಗುತ್ತದೆ, ಅಪ್ಪ ಎದ್ದು ನಿಂತು, ಇದು ನಮ್ಮ ಮನೆಯ ತೀರ್ಪು ಅಂತ ಹೇಳುತ್ತಾನೆ ಅಂದುಕೊಂಡಿದ್ದೆ. ಅವನು ನನ್ನ ಕಣ್ಣನ್ನು ನೋಡದೆ, ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವ ದನಿಯಲ್ಲಿ ಕೇಳಿದ:

‘ಲೀಲಾ, ಅತ್ತಿ ನಿನ್ನ ದಢೇಸುಗೂರಿಗೆ ಕರಕೊಂಡು ಹೋಗಿದ್ಲೇನು?’

‘ಹೂಂ.’

‘ಬಸ್‌ಸ್ಟ್ಯಾಂಡಿನ್ಯಾಗ ನಿನಗ ಏನು ಕೊಡಿಸಿದ್ಲು?’

‘ಮಿರ್ಚಿ ಭಜಿ.’

ಹಿರಿಯರು ನಕ್ಕರು. ದೊಡ್ಡಪ್ಪ ತೊಡೆ ಬಡಿದುಕೊಂಡು ನಕ್ಕ. ಅಪ್ಪನೂ ತುಟಿಯಲ್ಲಿ ನಕ್ಕ.

‘ಭಜಿ ತಿಂದಾಕಿನ ತೀರ್ಪು ಕೊಟ್ಟಾಕಿ, ಹೌದಲ್ಲೊ?’

‘ಇಲ್ಲಪ್ಪ, ಅದು ತೀರ್ಪು ಆದ ಮ್ಯಾಲೆ ನಾವು—’

‘ಹೌದು, ಇಲ್ಲ, ಅಷ್ಟ ಹೇಳು.’

‘ಹೌದು, ಖರೆ ಅವತ್ತು—’

‘ಆತು, ಸಾಕು. ಒಳಗ ಹೋಗು.’

ಅಷ್ಟೇ. ಯಾರ ಮೇಲೆ ತಪ್ಪು ಹೊರಿಸಿದರೋ ಅವರದೇ ಕೊನೆಯ ಮಾತು ಅಂತ ಹೇಳಿಕೊಟ್ಟವನು ಅವನೇ. ಭಜಿ ತಿಂದದ್ದು ತೀರ್ಪಾದ ಮೇಲೆ ಅನ್ನುವುದು ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಕೇಳಿದ. ನನ್ನ ಜೀವಮಾನದಲ್ಲಿ ಆಮೇಲೆ ಎಷ್ಟೋ ವಕೀಲರು ಎಷ್ಟೋ ಸಾಕ್ಷಿಗಳನ್ನು ಹೀಗೆ ಕಟ್ಟಿಹಾಕಿದ್ದನ್ನು ನೋಡಿದ್ದೇನೆ, ಅದು ಆ ಕಸುಬಿನ ಚಾಲಾಕಿ. ಆದರೆ ತನ್ನ ಮಗಳ ಮೇಲೆ, ತಾನೇ ಎತ್ತಿ ಕೂಡಿಸಿದ ಜಡ್ಜಿನ ಮೇಲೆ ಅದನ್ನು ಮಾಡಿದವನನ್ನು ಬೇರೆ ನೋಡಿಲ್ಲ. ನನಗೆ ಅಳು ಬರಲಿಲ್ಲ. ನಾನು ಒಳಗೆ ಹೋಗಲಿಲ್ಲ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ. ಅಲ್ಲಿ ಆ ಭತ್ತದ ತೆನೆಯ ಕೆಳಗೆ ಅತ್ತಿ ಸೌಟು ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಅಪ್ಪ ಅವಳ ಕಡೆ ತಿರುಗಿದ. ದನಿ ಮೆತ್ತಗಾಗಿತ್ತು.

‘ನೀಲಾ, ಹಿರಿಯರು ಬಂದಾರ. ನೀನ ಹೇಳಿಬಿಡು. ನಿನಗ ಹೊಲದಾಗ ಪಾಲು ಬೇಕೇನು?’

ಅತ್ತಿ ಸೆರಗು ಎಳೆದುಕೊಂಡಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

‘ನನಗೇನು ಬ್ಯಾಡಣ್ಣ’ ಅಂದಳು.

‘ಕೇಳಿದ್ರಲ್ಲ?’ ಅಂದ ಅಪ್ಪ. ಎದ್ದುಬಿಟ್ಟ. ಹಿರಿಯರೂ ಎದ್ದರು, ದೊಡ್ಡಪ್ಪ ಟ್ರಂಕಿನಿಂದ ಎದ್ದು ಟವೆಲು ಕೊಡವಿದ. ಚಪ್ಪಲಿ ಹುಡುಕುವ ಗದ್ದಲ, ಮಾತು, ನಗು. ಅತ್ತಿ ಸೌಟು ಹಿಡಿದು ಅಲ್ಲೇ ನಿಂತಿದ್ದಳು. ಅವರೆಲ್ಲ ಓಣಿಯ ತಿರುವು ದಾಟುವ ತನಕ ನಿಂತಿದ್ದಳು. ಅವಳು ಯಾಕೆ ನಿಂತಿದ್ದಾಳೆ ಅಂತ ನನಗೆ ಅರ್ಥವಾಗಲಿಲ್ಲ, ಅವಳ ಮೇಲೆ ನನಗೆ ಬಂದದ್ದು ಸಿಟ್ಟು. ನಾನು ಅಷ್ಟು ಮಂದಿಯ ಮುಂದೆ ಭಜಿ ತಿಂದು ತೀರ್ಪು ಕೊಟ್ಟವಳು ಅನ್ನಿಸಿಕೊಂಡೆ, ಇವಳು ಒಂದು ಮಾತಿನಲ್ಲಿ ಬ್ಯಾಡ ಅಂದುಬಿಟ್ಟಳಲ್ಲ! ಅವ್ವ ಒಳಗಿಂದ ಬಂದು ಅಪ್ಪನ ಮುಂದೆ ನಿಂತು, ‘ಹೇಳೂದು ಶಾಸ್ತ್ರ, ತಿನ್ನೂದು ಬದನಿಕಾಯಿ’ ಅಂದಳು. ಅಪ್ಪ ಕೋಟು ಹಾಕಿಕೊಂಡು ಕೋರ್ಟಿಗೆ ಹೋದ.

ಆಮೇಲೆ ನಡೆದದ್ದು ನಮ್ಮ ಕಡೆ ಎಲ್ಲ ಮನೆಗಳಲ್ಲಿ ನಡೆಯುವಂಥದ್ದೇ. ಅತ್ತಿಗೆ ಒಂದು ಸೀರೆ ತಂದರು, ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದರು, ಸಹಿ ಹಾಕಿಸಿಕೊಂಡು ಬಂದರು. ಹಕ್ಕು ಬಿಟ್ಟುಕೊಟ್ಟ ಪತ್ರವನ್ನು ಅಪ್ಪನೇ ಬರೆದಿದ್ದ. ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ಅಂತ ಅದರಲ್ಲಿತ್ತು. ಅತ್ತಿ ಬಂದವಳೇ ತೆನೆ ಬಿಚ್ಚಿ ಗುಬ್ಬಿಗೆ ಹಾಕಿದಳು. ಸೀರೆಯನ್ನು ಟ್ರಂಕಿನ ತಳಕ್ಕೆ ಇಟ್ಟಳು, ಒಮ್ಮೆಯೂ ಉಡಲಿಲ್ಲ. ಮನೆಯ ಕಚೇರಿ ಮತ್ತೆ ಕೂಡಲಿಲ್ಲ. ಬಂದ್ ಅಂತ ಯಾರೂ ಹೇಳಲಿಲ್ಲ, ಫಿರ್ಯಾದಿ ಹೇಳುವವರು ಇಲ್ಲವಾದರು. ಒಮ್ಮೆ ನನ್ನ ತಮ್ಮ ನನ್ನ ಪೆನ್ನು ಮುರಿದ, ಅಪ್ಪ ‘ಬಾ, ಟ್ರಂಕಿನ ಮ್ಯಾಲೆ ಯಾರು ಕೂಡ್ತೀರಿ?’ ಅಂತ ಹುರುಪಿನಿಂದ ಕರೆದ. ನನಗೆ ಪೆನ್ನು ಬೇಡ ಅಂದೆ. ಅವನು ಚುನಾವಣೆಗೆ ನಿಂತ. ಸೋತ. ಅದೂ ಸೋತನಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ತಂಗಿಯ ಬದುವನ್ನು ಕೊಟ್ಟು ತಂದದ್ದಾದರೂ ಏನು? ಅಣ್ಣನ ಹೆದರಿಕೆಯೋ, ಮಂದಿಯ ಮುಂದಿನ ಮರ್ಯಾದೆಯೋ, ಹೊರಗಿನ ನ್ಯಾಯ ಹೊಸ್ತಿಲಾಚೆಯೇ ಇರಲಿ ಅನ್ನುವ ಎಲ್ಲ ಗಂಡಸರ ಬುದ್ಧಿಯೋ, ನಾನು ಬೇಕಾದಷ್ಟು ಕಾರಣ ಹುಡುಕಿದ್ದೇನೆ. ಯಾವುದೂ ನನಗೆ ಸಾಲುವುದಿಲ್ಲ. ಮರುವಾರವೇ ಆಫೀಸು ಕೋಣೆಯಲ್ಲಿ ಇನ್ನೊಬ್ಬ ಹೆಣ್ಣುಮಗಳಿಗೆ, ‘ನಿಂದು ನೀ ಕೇಳಿದ್ರ ತಪ್ಪಲ್ಲ’ ಅಂತ ಅವನು ಅದೇ ದನಿಯಲ್ಲಿ ಹೇಳುತ್ತಿದ್ದ. ಅವಳಿಗೂ ಕೇಸು ಗೆಲ್ಲಿಸಿಕೊಟ್ಟ. ಅವನು ಕಳ್ಳ ವಕೀಲನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಕಾನೂನು ಓದಿ ಲಿಂಗಸುಗೂರಿನಲ್ಲಿ ಮನೆ ಮಾಡಿದಾಗ ಅತ್ತಿಯನ್ನು ಟ್ರಂಕಿನ ಸಮೇತ ಕರೆದುಕೊಂಡು ಬಂದೆ. ಅಪ್ಪ ತಡೆಯಲಿಲ್ಲ. ಕರಿಕೋಟು ಹಾಕಿಕೊಂಡ ಹೊಸತರಲ್ಲಿ, ಆ ಪತ್ರವನ್ನು ಕೋರ್ಟಿನಲ್ಲಿ ಹರಿದುಹಾಕಿಸುತ್ತೇನೆ, ಒಂದು ಸಹಿ ಮಾಡು ಸಾಕು ಅಂತ ಅತ್ತಿಯ ಬೆನ್ನು ಹತ್ತಿದೆ. ಅವಳು ನನ್ನ ಮಾತು ಕೇಳುತ್ತ ಹಿಟ್ಟು ನಾದುತ್ತಲೇ ಇದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಅವತ್ತು ಯಾಕೆ ಸುಳ್ಳು ಹೇಳಿದಿ, ಬೇಕಿದ್ದದ್ದನ್ನು ಬ್ಯಾಡ ಅಂತ ಯಾಕಂದಿ, ನನ್ನ ಮರ್ಯಾದೆಯನ್ನಾದರೂ ನೋಡಬಾರದಿತ್ತೇ ಅಂತ ಕೂಗಾಡಿದೆ. ಅವಳು ಹಿಟ್ಟಿನ ಕೈ ಎತ್ತಿ ನನ್ನನ್ನು ನೋಡಿದಳು. ಅಷ್ಟು ವರ್ಷ ಯಾರೂ ಅವಳನ್ನು ಅದನ್ನು ಕೇಳಿರಲಿಲ್ಲ.

‘ಸುಳ್ಳು ಎಲ್ಲಿ ಹೇಳೀನಿ ಬೇ? ನಾಕು ಮಂದಿ ಗಂಡಸರು ಕುಂತಾರ, ನಡುಮನಿಯೊಳಗ ನಿಂತು ಬೇಕು ಅಂತ ಕೈ ಚಾಚಲೇನು? ಊಟಕ್ಕ ಕುಂತಾಗೂ ಯಾರೂ ಹಂಗನ್ನಾಂಗಿಲ್ಲ. ಬ್ಯಾಡ ಅಂದೆ. ಇನ್ನೊಮ್ಮೆ ಕೇಳ್ತಾನ, ಹಂಗಂದ್ರ ಹ್ಯಾಂಗ ನೀಲಾ, ನಿಂದು ನೀ ತಗೋ ಅಂತಾನ ಅಂತ ಸೌಟು ಹಿಡಕೊಂಡು ನಿಂತೆ. ಸಾರಿಗೆ ಮೂರು ಸಲ ಕೇಳಾವ, ಹೊಲಕ್ಕ ಎರಡನೇ ಸಲ ಕೇಳಲಿಲ್ಲ.’

ನಾನು ಅಲ್ಲೇ ನೆಲದ ಮೇಲೆ ಕೂತೆ. ಅಪ್ಪನಿಗೆ ಅದು ಗೊತ್ತಿರಲಿಲ್ಲ ಅಂತ ನನಗೆ ಯಾರೂ ಹೇಳಬೇಡಿ. ಮೊದಲನೆಯ ಸಾಕು ಯಾತರದು, ಎರಡನೆಯದು ಯಾತರದು ಅಂತ ಊರಿಗೆಲ್ಲ ಹೇಳಿಕೊಟ್ಟವನು ಅವನು. ಒಂದೇ ಸಲ ಕೇಳಿದರೆ ತಂಗಿ ಏನನ್ನುತ್ತಾಳೆ ಅಂತ ಗೊತ್ತಿದ್ದೇ ಒಂದೇ ಸಲ ಕೇಳಿದ. ನನ್ನನ್ನು ಭಜಿಯಿಂದ ಕಟ್ಟಿಹಾಕಿದ, ಅವಳನ್ನು ಅವಳ ಮರ್ಯಾದೆಯಿಂದಲೇ ಕಟ್ಟಿಹಾಕಿದ. ಕೇಸು ಹಾಕಲು ಅತ್ತಿ ಒಪ್ಪಲೇ ಇಲ್ಲ. ಕೋರ್ಟು ಕೊಟ್ಟರೆ ಹೊಲ ಬರುತ್ತದೆ, ಅಣ್ಣ ಎರಡನೇ ಸಲ ಕೇಳಿದ ಹಾಗಾಗುವುದಿಲ್ಲ ಅಂದಳು. ಅವತ್ತಿನಿಂದ ನನ್ನ ಆಫೀಸಿಗೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಸಹಿ ಮಾಡಿಸಲು ಕರೆತಂದರೆ ನಾನು ಮೊದಲು ಗಂಡಸರನ್ನು ಹೊರಗೆ ಕಳಿಸುತ್ತೇನೆ. ಆಮೇಲೆ ಕೇಳುತ್ತೇನೆ, ಬೇಕೇನವ್ವ ನಿನ್ನ ಪಾಲು? ಬ್ಯಾಡ್ರಿ ಅನ್ನುತ್ತಾರೆ. ಮತ್ತೆ ಕೇಳುತ್ತೇನೆ. ಬ್ಯಾಡ್ರಿ ಬಿಡ್ರಿ ಅನ್ನುತ್ತಾರೆ. ಮೂರನೆಯ ಸಲ ಕೇಳಿದಾಗ ಎಷ್ಟೋ ಮಂದಿ ನೆಲ ನೋಡುತ್ತ ಅಳತೊಡಗುತ್ತಾರೆ. ಹೊರಗೆ ಕೂತ ಅಣ್ಣತಮ್ಮಂದಿರು ಈ ಮೇಡಂ ಮನೆಮುರುಕಿ ಅಂತ ಬೈದು ಬೇರೆ ವಕೀಲರ ಹತ್ತಿರ ಹೋಗುತ್ತಾರೆ. ಹೋಗಲಿ. ಈ ವಿದ್ಯೆ ನನಗೆ ಕಲಿಸಿದವನು ಅಪ್ಪನೇ, ಹಾಗಂತ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ.

ಮಸ್ಕಿಯ ಸನ್ಮಾನ ಮುಗಿಸಿಕೊಂಡು ಅಪ್ಪ ನಮ್ಮ ಮನೆಗೆ ಊಟಕ್ಕೆ ಬಂದ. ಹೊದಿಸಿದ ಶಾಲು ಇನ್ನೂ ಹೆಗಲ ಮೇಲೆ ಇತ್ತು, ಹಾರದ ಹೂವು ಜೇಬಿನಲ್ಲಿತ್ತು. ನನ್ನ ಪಡಸಾಲೆಯಲ್ಲಿ ಅದೇ ಹಸಿರು ಟ್ರಂಕು ಇದೆ, ಅವನು ಅದನ್ನು ನೋಡಿ ಬೇರೆ ಕುರ್ಚಿ ಎಳೆದುಕೊಂಡ. ನ್ಯಾಯ, ಸಮಾನತೆ ಅಂತ ಯಾರು ಏನು ಭಾಷಣ ಮಾಡಿದರು ಅಂತ ಹೇಳಿದ, ನಾನು ಹೂಂ ಅಂದೆ. ಅತ್ತಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಬಡಿಸಿದೆ. ರೊಟ್ಟಿ ಆಯಿತು, ಅನ್ನಕ್ಕೆ ಬಂದೆ. ಸಾರಿನ ಸೌಟು ಎತ್ತಿದಾಗ ಅವನು ತಾಟಿನ ಮೇಲೆ ಕೈ ಹಿಡಿದು, ‘ಸಾಕವ್ವ’ ಅಂದ.

ನಾನು ಸೌಟು ಹಿಂದೆ ತೆಗೆದುಕೊಂಡೆ. ಪಾತ್ರೆಗೆ ಮುಚ್ಚಳ ಮುಚ್ಚಿದೆ.

‘ಒಮ್ಮೆ ಕೇಳಿದ್ನಲ್ಲ’ ಅಂದೆ.

ಅವನ ಕೈ ತಾಟಿನ ಮೇಲೆ ಹಾಗೇ ಉಳಿಯಿತು. ತಾಟಿನಲ್ಲಿ ಬರೀ ಒಣ ಅನ್ನ ಇತ್ತು. ನನ್ನ ಮುಖ ನೋಡಿದ, ಆಮೇಲೆ ಮುಚ್ಚಿದ ಪಾತ್ರೆ ನೋಡಿದ. ಎಲ್ಲ ತಿಳಿಯಿತು ಅವನಿಗೆ, ವಕೀಲನಲ್ಲವೇ. ಇಷ್ಟು ವರ್ಷ ಕಾದದ್ದಕ್ಕೆ ನನಗೆ ಹಾಯೆನಿಸಬೇಕಿತ್ತು. ಒಳಗೆ ರೊಟ್ಟಿಯ ಸಪ್ಪಳ ನಿಂತಿತ್ತು. ಅತ್ತಿ ಸೆರಗಿಗೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು, ನನ್ನ ಕೈಯಿಂದ ಸೌಟು ಕಿತ್ತುಕೊಂಡಳು.

‘ಅದು ಮೊದಲನೇ ಸಾಕು, ಲೀಲಾ. ಸರಿ ಅತ್ತಾಗ.’

ಅವನ ಕೈಯನ್ನು ಮೆಲ್ಲಗೆ ಸರಿಸಿ ಸಾರು ಹಾಕಿದಳು. ಅವನು, ‘ಬ್ಯಾಡ ನೀಲಾ’ ಅಂದ. ಅವಳು ಇನ್ನೊಂದು ಸೌಟು ಹಾಕಿದಳು. ಸೌಟು ಹಿಡಿದುಕೊಂಡು ಅವನ ಮುಂದೆಯೇ ನಿಂತಳು, ಅವತ್ತು ಬಾಗಿಲಲ್ಲಿ ನಿಂತ ಹಾಗೆಯೇ. ಅಪ್ಪ ತಲೆ ಎತ್ತಲಿಲ್ಲ, ಹಾಕಿದ್ದನ್ನೆಲ್ಲ ಉಂಡ.